ಹೈಸ್ಕೂಲು ಬಿಡುವ ಮಕ್ಕಳಿಗೊಂದು ನೆನಪಿನ ಪುಸ್ತಕ: ಮಾಡುವುದು ಹೇಗೆ?

ಫೆಬ್ರವರಿ ಬಂತೆಂದರೆ ನಮ್ಮ ಉತ್ತರ ಕನ್ನಡದಲ್ಲಿ ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ, ಹೈಸ್ಕೂಲುಗಳ ಅಂಗಳದಲ್ಲಿ ಬೀಳ್ಕೊಡುಗೆಯ ಶಾಮಿಯಾನ ಏಳುತ್ತದೆ. ಒಂಬತ್ತನೆಯವರು ಗುಲಾಬಿ ಕೊಡುತ್ತಾರೆ, ಮಾಸ್ತರು-ಅಕ್ಕೋರು ಎರಡು ಹಿತದ ಮಾತು ಹೇಳುತ್ತಾರೆ, ಉಪ್ಪಿಟ್ಟು-ಕೇಸರಿಬಾತ್ ಆಗುತ್ತದೆ, ಗ್ರೂಪ್ ಫೋಟೊ ಆಗುತ್ತದೆ. ಆಮೇಲೆ ಪರೀಕ್ಷೆ, ಫಲಿತಾಂಶ, 625ಕ್ಕೆ ಎಷ್ಟು ಬಂತು ಎಂಬ ಒಂದೇ ಪ್ರಶ್ನೆ. ಕಬಡ್ಡಿ ಅಂಕಣದಲ್ಲಿ ಮೂರು ವರ್ಷ ಮೊಣಕಾಲು ತರಚಿಕೊಂಡವನ ಸುದ್ದಿಯಾಗಲಿ, ದಸರೆ ರಜೆಯಲ್ಲೂ ಬಂದು ಇಕೋ ಕ್ಲಬ್ಬಿನ ಸಸಿಗಳಿಗೆ ನೀರು ಹಾಕಿದವಳ ಸುದ್ದಿಯಾಗಲಿ ಯಾವ ದಾಖಲೆಯಲ್ಲೂ ಇರುವುದಿಲ್ಲ. ಟಿ.ಸಿ.ಯಲ್ಲಿ ನಡತೆ ಎಂಬ ಒಂದು ಸಾಲಿದೆ. ಅದರ ಮುಂದೆ ಎಲ್ಲರಿಗೂ ‘ಉತ್ತಮ’ ಎಂದೇ ಬರೆದಿರುತ್ತದೆ.

ಆ ಸಾಲಿಗೆ ಬದಲಾಗಿ ಪ್ರತಿ ಮಗುವಿಗೂ ಒಂದು ಇಡೀ ಪುಟ ಕೊಡುವ ಪುಸ್ತಕವನ್ನು ಮಕ್ಕಳ ಕೈಯಿಂದಲೇ ಮಾಡಿಸಬಹುದು. ಹಲವು ವರ್ಷ ಹತ್ತನೆಯವರ ಜೊತೆ ಕೂತು ಮಾಡಿಸಿದ ಅನುಭವದಿಂದ ಇದನ್ನು ಬರೆಯುತ್ತಿದ್ದೇನೆ. ಖರ್ಚು ಹೆಚ್ಚಿಲ್ಲ. ಬೇಕಾಗುವುದು ನೋಡುವ ಕಣ್ಣು ಮತ್ತು ಎರಡು ತಿಂಗಳ ತಾಳ್ಮೆ.

ಯಾವಾಗ ಶುರು ಮಾಡಬೇಕು

ಡಿಸೆಂಬರಿನಲ್ಲಿ. ಅಷ್ಟು ಹೊತ್ತಿಗೆ ಕ್ರೀಡಾಕೂಟಗಳು ಮುಗಿದಿರುತ್ತವೆ, ಪೂರ್ವಸಿದ್ಧತಾ ಪರೀಕ್ಷೆಯ ಬಿಸಿ ಇನ್ನೂ ತಟ್ಟಿರುವುದಿಲ್ಲ. ಜನವರಿ ಮಧ್ಯಕ್ಕೆ ಬರವಣಿಗೆ ಮುಗಿಯಬೇಕು. ಅದಾದ ಮೇಲೆ ಮಕ್ಕಳನ್ನು ಇದಕ್ಕೆ ಎಳೆಯುವುದು ಅನ್ಯಾಯ. ಶಿರಸಿ ಕಡೆಯವರಿಗೆ ಇನ್ನೊಂದು ಲೆಕ್ಕವೂ ಇದೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬರುವುದು ಫೆಬ್ರವರಿ-ಮಾರ್ಚಿನಲ್ಲೇ. ಜಾತ್ರೆಯ ವರ್ಷ ಝೆರಾಕ್ಸ್ ಅಂಗಡಿ, ಬೈಂಡಿಂಗಿನವರು ಯಾರೂ ಕೈಗೆ ಸಿಗುವುದಿಲ್ಲ. ಆ ವರ್ಷ ಹದಿನೈದು ದಿನ ಮುಂಚೆಯೇ ಮುಗಿಸಿಕೊಳ್ಳಿ.

ಹೆಸರಿನ ಪಟ್ಟಿ

ಹಾಜರಿ ಪುಸ್ತಕ ತೆಗೆದು ಎಲ್ಲ ಹೆಸರನ್ನೂ ಬರೆದುಕೊಳ್ಳಿ. ಎಂಟನೆಯ ತರಗತಿಯ ಹಾಜರಿ ಪುಸ್ತಕವನ್ನೂ ತೆಗೆಯಿರಿ. ನಡುವೆ ಶಾಲೆ ಬಿಟ್ಟವರು, ಅಪ್ಪನಿಗೆ ವರ್ಗವಾಗಿ ಹೋದವರು, ಬೋಟಿಗೆ ಹೋಗಲು ಶುರು ಮಾಡಿದವರು ಅದರಲ್ಲಿ ಸಿಗುತ್ತಾರೆ. ಅವರಿಗೂ ಪುಟ ಇರಲಿ. ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಪುಟಗಳ ಅನುಕ್ರಮವನ್ನು ಅಂಕದ ಮೇಲೆ ಇಡಲೇಬೇಡಿ. ಗಂಡುಮಕ್ಕಳೆಲ್ಲ ಮೊದಲು, ಹೆಣ್ಣುಮಕ್ಕಳೆಲ್ಲ ಆಮೇಲೆ ಎಂಬ ಹಾಜರಿಯ ಕ್ರಮವೂ ನನಗೆ ಸರಿ ಕಾಣುವುದಿಲ್ಲ. ಅಕಾರಾದಿಯಾಗಿ ಕಲಸಿ ಇಡುವುದು ಒಳ್ಳೆಯದು.

ಚೀಟಿ ಎತ್ತಿ, ವಾರ ನೋಡಿ, ಆಮೇಲೆ ಬರೆಯಿರಿ

ಇದೇ ಈ ಕೆಲಸದ ಜೀವ. ಯಾರೂ ತಮ್ಮ ಪುಟವನ್ನು ತಾವೇ ಬರೆಯಬಾರದು, ಗೆಳೆಯರ ಪುಟವನ್ನೂ ಬರೆಯಬಾರದು. ಎಲ್ಲರ ಹೆಸರಿನ ಚೀಟಿ ಮಾಡಿ ಡಬ್ಬಿಯಲ್ಲಿ ಹಾಕಿ ಎತ್ತಿಸಿ. ಒಂದೇ ಬೆಂಚಿನವರ ಹೆಸರು ಬಂದರೆ ಮತ್ತೆ ಎತ್ತಿಸಿ. ಒಂದು ವಾರ ಪೆನ್ನು ಹಿಡಿಯದೆ ಬರೀ ನೋಡಲಿ: ಊಟದ ಹೊತ್ತಿನಲ್ಲಿ ಅವನು ಎಲ್ಲಿರುತ್ತಾನೆ, ಬೆಲ್ ಆದಾಗ ಮೊದಲು ಏನು ಮಾಡುತ್ತಾನೆ, ಸಿಟ್ಟು ಬಂದರೆ ಹೇಗಿರುತ್ತಾನೆ.

ನಾನು ಇದನ್ನು ಕಲಿತದ್ದು ಮೊದಲ ವರ್ಷದ ತಪ್ಪಿನಿಂದ. ಆಗ ಪ್ರತಿಯೊಬ್ಬರ ಬಗ್ಗೆಯೂ ನಾನೇ ಕೂತು ಬರೆದಿದ್ದೆ. ಸಮಾರಂಭ ಮುಗಿದು ಕುರ್ಚಿ ಮಡಚುವ ಹೊತ್ತಿಗೆ ಒಬ್ಬ ಹುಡುಗಿ ಪುಸ್ತಕ ಹಿಡಿದು ಬಂದಳು. ಎರಡು ಪುಟಗಳಿಗೆ ಎರಡು ಬೆರಳು ಇಟ್ಟು, “ಅಕ್ಕೋರೆ, ಇದ್ರಲ್ಲಿ ನಂದು ಯಾವ್ದು?” ಎಂದಳು. ಎರಡರಲ್ಲೂ ‘ಶಾಂತ ಸ್ವಭಾವ, ವಿಧೇಯ ವಿದ್ಯಾರ್ಥಿನಿ’ ಎಂದೇ ಇತ್ತು, ಹೆಸರು ಮಾತ್ರ ಬೇರೆ. ಅವಳು ದೂರು ಹೇಳಲು ಬಂದವಳಲ್ಲ, ನಿಜವಾಗಿಯೇ ಕೇಳಿದ್ದಳು. ಮಳೆಗಾಲದಲ್ಲಿ ತರಗತಿಯ ಬಾಗಿಲ ಹಿಂದೆ ನಲವತ್ತು ಕರಿ ಕೊಡೆ ಸಾಲಾಗಿ ನಿಲ್ಲಿಸುತ್ತಿದ್ದವಳು ಅವಳೇ. ಎಲ್ಲವೂ ಒಂದೇ ಥರ ಕಂಡರೂ ಯಾವ ಕೊಡೆ ಯಾರದೆಂದು ಹಿಡಿ ಮುಟ್ಟಿ ಹೇಳುತ್ತಿದ್ದಳು. ಮೂರು ಮಳೆಗಾಲ ಅದನ್ನು ದಿನಾ ಕಂಡಿದ್ದೆ. ಪುಟದಲ್ಲಿ ಬರೆಯಬೇಕಾದ್ದು ಅದೇ ಎಂದು ಅವಳು ಪುಸ್ತಕ ಹಿಡಿದು ಎದುರು ನಿಂತಾಗ ಹೊಳೆಯಿತು.

ಅಂದಿನಿಂದ ಒಂದು ನಿಯಮ ಮಾಡಿಕೊಂಡೆ: ಕಣ್ಣಿಂದ ಕಂಡದ್ದು ಒಂದಾದರೂ ಇಲ್ಲದ ಪುಟ ವಾಪಸ್. ‘ಒಳ್ಳೆಯವನು’, ‘ಸ್ನೇಹಜೀವಿ’, ‘ಹಸನ್ಮುಖಿ’ ಎಂಬ ಪದಗಳಿಗೆ ಪ್ರವೇಶವಿಲ್ಲ. ಒಂದು ಮಾದರಿ ನೋಡಿ. ಒಬ್ಬ ಹುಡುಗನ ಬಗ್ಗೆ ಹುಡುಗಿಯೊಬ್ಬಳು ಮೊದಲು ಬರೆದು ತಂದದ್ದು ಹೀಗಿತ್ತು:

“ಇವನು ತುಂಬ ಒಳ್ಳೆಯ ಹುಡುಗ. ಎಲ್ಲರ ಜೊತೆ ಹೊಂದಿಕೊಂಡು ಹೋಗುತ್ತಾನೆ. ವಾಲಿಬಾಲ್ ಎಂದರೆ ಪ್ರಾಣ. ಇವನ ಭವಿಷ್ಯ ಉಜ್ವಲವಾಗಲಿ.”

ವಾರ ನೋಡಿ ಬಂದ ಮೇಲೆ ಅದೇ ಹುಡುಗಿ ಬರೆದದ್ದು:

“ಬೆಳಿಗ್ಗೆ ಬಂದರಿಗೆ ಹೋಗಿ ಅಪ್ಪನ ಜೊತೆ ಬಲೆ ಬಿಡಿಸಿ ಬರುತ್ತಾನೆ. ಮೊದಲ ಪಿರಿಯಡ್ಡಿನಲ್ಲಿ ಕಣ್ಣು ಎಳೆಯುವುದು ಅದಕ್ಕೇ. ವಾಲಿಬಾಲಿನಲ್ಲಿ ಇವನು ಸೆಟ್ಟರ್. ಇವನು ಎತ್ತಿಕೊಟ್ಟ ಚೆಂಡನ್ನು ಬೇರೆಯವರು ಹೊಡೆದು ಪಾಯಿಂಟ್ ಬಂದರೆ ಎಲ್ಲರಿಗಿಂತ ಮೊದಲು ಕುಣಿಯುವವನು ಇವನು. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ ಎಂದು ಪುಸ್ತಕದಲ್ಲಿ ಓದುವ ಮೊದಲೇ ನಮಗೆ ಹೇಳಿಕೊಟ್ಟವನೂ ಇವನೇ.”

ಎರಡನೆಯದರಲ್ಲಿ ಹೊಗಳಿಕೆಯ ಪದ ಒಂದೂ ಇಲ್ಲ. ಹುಡುಗ ಮಾತ್ರ ಎದುರಿಗೆ ಬಂದು ನಿಲ್ಲುತ್ತಾನೆ.

ಏನು ಕೇಳಬೇಕು

ನೋಡಿದ ಮೇಲೆ ಒಮ್ಮೆ ಕೂತು ಮಾತಾಡಿಸಬೇಕು. ‘ನಿನ್ನ ಹವ್ಯಾಸವೇನು, ಗುರಿಯೇನು’ ಎಂದು ಕೇಳಿದರೆ ಎಲ್ಲರೂ ಡಾಕ್ಟರು, ಎಲ್ಲರಿಗೂ ಕ್ರಿಕೆಟ್. ಶಾಲೆಗೆ ಯಾವ ದಾರಿಯಲ್ಲಿ, ಎಷ್ಟು ಹೊತ್ತು ತೆಗೆದುಕೊಂಡು ಬರುತ್ತೀಯ? ಮನೆಯಲ್ಲಿ ನಿನಗೇ ಬಿಟ್ಟ ಕೆಲಸ ಯಾವುದು? ಮರೆಯಲಾಗದ ಸೋಲು ಯಾವುದು? ಹೀಗೆ ಕೇಳಿದರೆ ಬಾಯಿ ಬಿಚ್ಚುತ್ತಾರೆ. ತದಡಿಯಲ್ಲಿ ದೋಣಿ ದಾಟುವುದು, ಅಘನಾಶಿನಿಯ ಅಳಿವೆಯಲ್ಲಿ ಅಮ್ಮನ ಜೊತೆ ಬಳಚು ಎಂಬ ಚಿಪ್ಪುಮೀನು ಆರಿಸುವುದು, ಕೊನೆಕೊಯ್ಲಿನ ದಿನಗಳಲ್ಲಿ ರಾತ್ರಿ ಅಡಿಕೆ ಸುಲಿದು ಬೆರಳ ತುದಿ ಕಪ್ಪಾಗುವುದು, ಎಲ್ಲ ಹೊರಗೆ ಬರುತ್ತವೆ. ಕಾರವಾರದ ಅರ್ಧ ತರಗತಿ ಮನೆಯಲ್ಲಿ ಆಡುವುದು ಕೊಂಕಣಿ. ಭಟ್ಕಳಕ್ಕೆ ಹೋದರೆ ನವಾಯತಿ, ಶಿರಸಿಗೆ ಹೋದರೆ ಹವಿಗನ್ನಡ. ಮನೆಮಾತಿನ ಒಂದು ವಾಕ್ಯವನ್ನು ಅವರು ಆಡಿದ ಹಾಗೆಯೇ ಕನ್ನಡ ಲಿಪಿಯಲ್ಲಿ ಹಾಕಿ. ಇಪ್ಪತ್ತು ವರ್ಷ ಬಿಟ್ಟು ಓದಿದರೂ ದನಿ ಕೇಳುತ್ತದೆ.

ಗದ್ಯ ಕೈಗೆ ಹತ್ತದ ಮಕ್ಕಳೂ ಇರುತ್ತಾರೆ. ಅವರಿಗೆ ಚುಟುಕ ಬರೆಯಲು ಹೇಳಿ, ನಾಲ್ಕೇ ಸಾಲು. ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಈ ಜಿಲ್ಲೆಯ ಊರುಗಳಿಗೆ ಹೈಸ್ಕೂಲು ತಂದ ದಿನಕರ ದೇಸಾಯಿಯವರೇ ಚುಟುಕದ ಕವಿ ಎಂದೂ ಹೆಸರಾದವರು. ಹಾಗಾಗಿ ನಮ್ಮ ಮಕ್ಕಳಿಗೆ ಆ ನಾಲ್ಕು ಸಾಲು ಹೊಸದಲ್ಲ. ಕಬಡ್ಡಿಯ ಕಾರ್ನರ್ ಆಟಗಾರನೊಬ್ಬನಿಗೆ ಹೊಂದುವಂತೆ ನಾನು ಕಟ್ಟಿ ತೋರಿಸಿದ್ದು ಇದು:

ಅಂಕಣದಿ ನಿಂತರೆ ಕಾಲುಗಳೇ ಬೇರು,
ಹಿಡಿದರೆ ಬಿಡಿಸಿಕೊಂಡವರು ಯಾರು?
ತರಗತಿಯ ಒಳಗೆ ಮಾತ್ರ ಮೆಲುಮಾತು,
ಕೇಳಬೇಕದನು ಪಕ್ಕದಲೆ ಕೂತು.

ಸಂಘಗಳು, ಆಟಗಳು

ಇಲ್ಲಿ ಕರಾರುವಾಕ್ಕಾಗಿರಬೇಕು. ‘ಗೈಡ್ಸ್‌ನಲ್ಲಿದ್ದಳು’ ಎಂದರೆ ಸಾಲದು. ದ್ವಿತೀಯ ಸೋಪಾನವೋ, ತೃತೀಯವೋ, ರಾಜ್ಯ ಪುರಸ್ಕಾರವೋ ಬರೆಯಿರಿ. ಎನ್‌ಸಿಸಿಯವರಾದರೆ ‘ಎ’ ಸರ್ಟಿಫಿಕೇಟ್ ಪರೀಕ್ಷೆ ಬರೆದರೇ ಎಂದು ಕೇಳಿ. ಶಾಲಾ ಸಂಸತ್ತಿನಲ್ಲಿ ಪ್ರಧಾನಮಂತ್ರಿಯನ್ನು ಎಲ್ಲರೂ ನೆನಪಿಡುತ್ತಾರೆ. ಬಿಸಿಯೂಟದ ಸಾಲು ನಿಲ್ಲಿಸಿ ತಾನು ಕೊನೆಗೆ ಉಂಡ ಆಹಾರ ಮಂತ್ರಿಯನ್ನು ನೆನೆಯುವವರು ಕಡಿಮೆ. ಅವರ ಪುಟ ತುಂಬಿರಲಿ.

ಇಕೋ ಕ್ಲಬ್ಬಿನವರ ಬಗ್ಗೆ ‘ಪರಿಸರ ಪ್ರೇಮಿ’ ಎಂದು ಬರೆದರೆ ಏನೂ ಹೇಳಿದಂತಲ್ಲ. ನೆಟ್ಟದ್ದು ಮುರುಗಲೋ, ಸುರಹೊನ್ನೆಯೋ, ಅಪ್ಪೆಮಿಡಿಯೋ, ಎಷ್ಟು ಬದುಕಿದವು, ಈಗ ಯಾವ ಗೋಡೆಯ ಪಕ್ಕ ಎಷ್ಟೆತ್ತರ ನಿಂತಿವೆ ಎಂಬುದು ಬೇಕು. ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಯಾವ ಗಿಡಕ್ಕೆ ಯಾವ ಬೀಜ, ಅದನ್ನು ಯಾವ ಹೊತ್ತಿನಲ್ಲಿ ಆಯಬೇಕು ಎಂದು ಬಲ್ಲವರಾಗಿದ್ದರು, ಪದ್ಮಶ್ರೀ ಪಡೆದಿದ್ದರು. ಅವರ ಜಿಲ್ಲೆಯ ಮಕ್ಕಳು ಗಿಡವನ್ನು ಅದರ ಹೆಸರಿಂದಲೇ ಕರೆಯಲಿ.

ಆಟದ ವಿವರಕ್ಕೆ ಪಿ.ಟಿ. ಮಾಸ್ತರ ದಾಖಲೆ ಪುಸ್ತಕ ಕೇಳಿ ತನ್ನಿ, ನೆನಪಿನಿಂದ ಬರೆಯಬೇಡಿ. ‘ಜಿಲ್ಲಾ ಮಟ್ಟ’ ಎಂಬ ಪದದಲ್ಲಿ ನಮ್ಮಲ್ಲೊಂದು ತೊಡಕಿದೆ. ಉತ್ತರ ಕನ್ನಡ ಒಂದೇ ಜಿಲ್ಲೆಯಾದರೂ ಶಿಕ್ಷಣ ಇಲಾಖೆಗೆ ಎರಡು: ಕರಾವಳಿಯ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಸೇರಿ ಕಾರವಾರ ಶೈಕ್ಷಣಿಕ ಜಿಲ್ಲೆ, ಘಟ್ಟದ ಮೇಲಿನ ತಾಲೂಕುಗಳದ್ದು ಶಿರಸಿ ಶೈಕ್ಷಣಿಕ ಜಿಲ್ಲೆ. ಯಾವ ಜಿಲ್ಲಾ ಮಟ್ಟ ಎಂದು ಸರ್ಟಿಫಿಕೇಟ್ ನೋಡಿಯೇ ಬರೆಯಿರಿ. ಅಲ್ಲಿಂದ ಮುಂದೆ ಬೆಳಗಾವಿ ವಿಭಾಗ, ಆಮೇಲೆ ರಾಜ್ಯ.

ಕಬಡ್ಡಿಯಲ್ಲಿ ಅಂಕಣಕ್ಕೆ ಇಳಿಯುವವರು ಏಳು, ಹೊರಗೆ ಬದಲಿ ಆಟಗಾರರು ಐದು. ಆ ಐವರ ಹೆಸರು ಬಿಡಬೇಡಿ. ಎಲ್ಲ ಅಭ್ಯಾಸಕ್ಕೂ ಬಂದು, ಒಂದು ಪಂದ್ಯದಲ್ಲೂ ಒಳಗೆ ಹೋಗದೆ, ನೀರಿನ ಬಾಟಲಿ ಹಿಡಿದು ಕೂಗಿದವರು ಅವರು. ಖೋಖೋಗೆ ಸುಣ್ಣದ ಗೆರೆ ಎಳೆದವರು, ಅಂಕ ಬರೆದವರು, ಬ್ಯಾಗು ಕಾದವರು, ಪ್ರತಿಭಾ ಕಾರಂಜಿಯಲ್ಲಿ ವೇದಿಕೆ ಹತ್ತದೆ ಪರದೆಯ ಹಿಂದೆ ಗೆಜ್ಜೆ ಕಟ್ಟಿಕೊಟ್ಟವರು, ಇವರದ್ದೂ ಬರಲಿ. ಹಳಿಯಾಳದ ಕಡೆ ಶಾಲೆಯ ಹೊರಗೆ ಗರಡಿಯಲ್ಲಿ ಕುಸ್ತಿ ಆಡುವವರಿದ್ದಾರೆ, ಹೊನ್ನಾವರದ ಕಡೆ ಯಕ್ಷಗಾನದ ಹೆಜ್ಜೆ ಕಲಿಯುವವರಿದ್ದಾರೆ. ಸರ್ಟಿಫಿಕೇಟ್ ಇಲ್ಲವೆಂದು ಅವನ್ನು ಬಿಡುವುದು ತಪ್ಪು.

ಬರೆಯಬಾರದ್ದು

ಅಂಕ, ಜಾತಿ, ಮೈಬಣ್ಣ, ಮೈಕಟ್ಟು, ಮನೆಯ ಸಾಲ, ಹುಡುಗ-ಹುಡುಗಿಯ ಹೆಸರು ಸೇರಿಸಿ ಆಡುವ ಚೇಷ್ಟೆ, ಇವು ಯಾವುವೂ ಬೇಡ. ಅಡ್ಡಹೆಸರಿಗೆ ನನ್ನದೊಂದು ಪರೀಕ್ಷೆಯಿದೆ: ಅವನ ಅಮ್ಮನ ಎದುರು ಹಾಗೆ ಕರೆಯಬಲ್ಲಿರಾ? ಆಗದಿದ್ದರೆ ತೆಗೆಯಿರಿ. ಫೋನ್ ನಂಬರು, ಮನೆ ವಿಳಾಸ ಹಾಕಬೇಡಿ. ಪುಟ ಸಿದ್ಧವಾದ ಮೇಲೆ ಯಾರ ಬಗ್ಗೆ ಬರೆದಿದೆಯೋ ಅವರೇ ಓದಿ ಕೆಳಗೆ ಸಹಿ ಹಾಕಬೇಕು. ‘ಈ ಸಾಲು ಬೇಡ’ ಎಂದರೆ ಕಾರಣ ಕೇಳದೆ ಹೊಡೆದುಹಾಕಿ. ಮೇಲಿನ ಹುಡುಗನ ಬೆಳಗಿನ ನಿದ್ದೆಯ ಸಾಲನ್ನೂ ಅವನನ್ನು ಕೇಳಿಯೇ ಉಳಿಸಿದ್ದು.

ಕಾಗದ, ಶಾಯಿ, ಹೊಲಿಗೆ

ಕೈಬರಹವೇ ಚಂದ ಎಂಬುದು ನನ್ನ ಅಭಿಪ್ರಾಯ. ಕಪ್ಪು ಬಾಲ್‌ಪೆನ್ನಿನಲ್ಲಿ ಬರೆಸಿ, ಝೆರಾಕ್ಸ್‌ನಲ್ಲಿ ತಿಳಿನೀಲಿ ಮಾಸುತ್ತದೆ. ಜೆಲ್ ಪೆನ್ನು ಬೇಡ, ನಮ್ಮ ಮಳೆಗಾಲದ ತೇವಕ್ಕೆ ಅಕ್ಷರ ಹರಡುತ್ತದೆ. ಟೈಪ್ ಮಾಡಿಸುವುದಾದರೆ ‘ನುಡಿ’ ತಂತ್ರಾಂಶದಲ್ಲಿ ಮಾಡಿಸಿದ ಫೈಲನ್ನು ಹಾಗೇ ಬೇರೆ ಅಂಗಡಿಗೆ ಒಯ್ಯಬೇಡಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅಕ್ಷರವೆಲ್ಲ ಕಲಸಿಹೋಗುತ್ತದೆ. ಪಿಡಿಎಫ್ ಮಾಡಿಸಿಯೇ ಒಯ್ಯಿರಿ.

ಎ4 ಹಾಳೆಯನ್ನು ನಡುವೆ ಮಡಚಿದರೆ ನಾಲ್ಕು ಪುಟ. ಆದ್ದರಿಂದ ಒಟ್ಟು ಪುಟ ನಾಲ್ಕರಿಂದ ಭಾಗವಾಗಬೇಕು. 41 ಮಕ್ಕಳಿದ್ದರೆ 41 ಪುಟ, ಸಂಘಗಳಿಗೆ 3, ಆಟಕ್ಕೆ 3, ಮುನ್ನುಡಿಗೆ 1, ಒಟ್ಟು 48. ಅಂದರೆ ಪ್ರತಿಗೆ 12 ಹಾಳೆ, 50 ಪ್ರತಿಗೆ 600. ಹಾಳೆಯ ಒಂದೇ ಮಗ್ಗುಲಿಗೆ ಬರುವ ಎರಡು ಪುಟಗಳ ಸಂಖ್ಯೆ ಕೂಡಿಸಿದರೆ ಯಾವಾಗಲೂ 49 ಬರಬೇಕು: 48ರ ಜೊತೆ 1, ಅದರ ಬೆನ್ನಿಗೆ 2ರ ಜೊತೆ 47. ಈ ಲೆಕ್ಕವನ್ನು ಗಣಿತದಲ್ಲಿ ಹಿಂದೆ ಬಿದ್ದ ಹುಡುಗರಿಗೇ ಒಪ್ಪಿಸಿ, ಹಾಳೆ ಮಡಚಿ ನೋಡುತ್ತ ತಾವೇ ಕಂಡುಕೊಳ್ಳುತ್ತಾರೆ. ಮಡಿಕೆಯ ಮೇಲೆ ದಪ್ಪ ದಾರದಿಂದ ಮೂರು ಕಡೆ ಹೊಲಿಯಿರಿ. ಪಿನ್ನು ಹೊಡೆದರೆ ಕಡಲ ಗಾಳಿಗೆ ತುಕ್ಕು ಹಿಡಿದು ನಡುಪುಟ ಕೆಂಪಾಗುತ್ತದೆ.

ಫೋಟೊ ಹಾಕುವುದಾದರೆ ಬಿಸಿಲಿಗೆ ನಿಲ್ಲಿಸದೆ ಜಗಲಿಯ ನೆರಳಲ್ಲಿ ತೆಗೆಯಿರಿ, ಮನೆಯವರ ಒಪ್ಪಿಗೆ ಪಡೆಯಿರಿ.

ಕೊಡುವ ದಿನ

ಬೀಳ್ಕೊಡುಗೆಯಲ್ಲಿ ಭಾಷಣ ಎರಡು ಕಡಿಮೆ ಮಾಡಿ, ಪ್ರತಿ ಪುಟದಿಂದ ಒಂದೊಂದು ವಾಕ್ಯ ಓದಿಸಿ. ಹೆಸರು ಹೇಳದೆ ವಾಕ್ಯ ಮಾತ್ರ ಓದಲಿ. ಯಾರೆಂದು ತರಗತಿ ಕೂಗಿ ಹೇಳುತ್ತದೆ. ಒಂದು ಪ್ರತಿಯನ್ನು ಗ್ರಂಥಾಲಯದ ದಾಖಲೆ ಪುಸ್ತಕದಲ್ಲಿ ನಂಬರು ಹಾಕಿಸಿ ಸೇರಿಸಿ. ಕಪಾಟಿನೊಳಗೆ ಬೀಗ ಹಾಕಿ ಇಡುವುದಕ್ಕಲ್ಲ, ಮುಂದಿನವರು ಒಯ್ದು ಓದಲಿಕ್ಕೆ.

ನಡುವೆ ಬಿಟ್ಟುಹೋದವರ ಪ್ರತಿಗಳನ್ನು ಅವರ ಊರಿನ ಮಕ್ಕಳ ಕೈಯಲ್ಲಿ ಅದೇ ವಾರ ಕಳಿಸಿ. ಸಮಾರಂಭಕ್ಕೆ ಬಾರದವರೂ ಪ್ರತಿ ವರ್ಷ ಇಬ್ಬರು ಮೂವರು ಇರುತ್ತಾರೆ. ಹೊಸ ಬಟ್ಟೆ ಇಲ್ಲವೆಂದೋ, ವಂತಿಗೆ ಕೊಟ್ಟಿಲ್ಲವೆಂದೋ ಬಂದಿರುವುದಿಲ್ಲ. ಅವರ ಪ್ರತಿಗಳ ಮೇಲೆ ಹೆಸರು ಬರೆದು ಆಫೀಸಿನ ಗುಮಾಸ್ತರ ಹತ್ತಿರ ಕೊಟ್ಟಿಡಿ. ಅಂಕಪಟ್ಟಿ ಮತ್ತು ಟಿ.ಸಿ. ಒಯ್ಯಲು ಮೇ-ಜೂನಿನಲ್ಲಿ ಅವರು ಬಂದೇ ಬರುತ್ತಾರೆ. ಟಿ.ಸಿ.ಯ ಜೊತೆ ಪುಸ್ತಕವನ್ನೂ ಕೈಗಿಟ್ಟು, ಅವರ ಪುಟ ತೆರೆದು ತೋರಿಸಲು ಹೇಳಿ.