ಗೆಳೆಯನ ಕೊಲೆಯ ಕಾದಂಬರಿ ಬರೆಯುವವರಿಗೆ ಠಾಣಾ ರೈಟರ್ ಹೇಳುವುದು

ಪೊಲೀಸ್ ಠಾಣೆಯಲ್ಲಿ ರೈಟರ್, ಅಂದರೆ ಹೇಳಿಕೆ, ದಾಖಲೆ ಬರೆಯುವ ಪೊಲೀಸ್ ಆಗಿದ್ದವನು ನಾನು. ನಿವೃತ್ತಿಯಾದ ಮೇಲೆ ಕಾದಂಬರಿ ಬರೆಯುವ ಹುಡುಗರು ಹಸ್ತಪ್ರತಿ ತಂದುಕೊಡುತ್ತಾರೆ. ಎಷ್ಟೋ ಸಲ ಅದೇ ಕಥೆ: ಚಿಕ್ಕಂದಿನ ಗೆಳೆಯನ ಕೊಲೆಯಾಗಿದೆ, ಉಳಿದವನು 30 ವರ್ಷ ಕೊರಗಿ ಊರಿಗೆ ಮರಳುತ್ತಾನೆ. ಬರೆಯಿರಿ, ಒಳ್ಳೆಯ ಕಥೆಯೇ.

ಮೊದಲು ಇಸವಿ ಗಟ್ಟಿ ಮಾಡಿಕೊಳ್ಳಿ. ಕೊಲೆ 1994ರದ್ದಾದರೆ ಆರೋಪಿ ಇವತ್ತು ಸಿಕ್ಕರೂ ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) ಕೊಲೆಯ ಕಲಂ 302ರಡಿಯೇ ಕೇಸು. ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 103 ಬರುವುದು 2024ರ ಜುಲೈ 1ರಿಂದೀಚಿನ ಕೊಲೆಗಳಿಗೆ. ‘ಅವಧಿ ಮುಗಿದುಹೋಯ್ತು’ ಅಂತ ಇನ್‌ಸ್ಪೆಕ್ಟರ್ ಬಾಯಲ್ಲಿ ಹೇಳಿಸಬೇಡಿ, ಕೊಲೆಗೆ ಕಾಲಮಿತಿ ಇಲ್ಲ. ಕೊಂದವನು ಪತ್ತೆಯಾಗದಿದ್ದರೆ ಪೊಲೀಸರು ಕೋರ್ಟಿಗೆ ಹಾಕುವುದು ಸಿ ರಿಪೋರ್ಟು. ಹೊಸ ಸಾಕ್ಷ್ಯ ಸಿಕ್ಕರೆ ತನಿಖೆ ಮತ್ತೆ ಶುರುವಾಗಬಹುದು.

ಇನ್ನು ಪಾಪಪ್ರಜ್ಞೆ. ‘ಅವನನ್ನು ಉಳಿಸಬಹುದಿತ್ತು’ ಎಂಬ ಒಂದು ಸಾಲಿನ ಮೇಲೆ 300 ಪುಟ ನಿಲ್ಲುವುದಿಲ್ಲ. ಹುಡುಗ ಮಾಡಿದ ಒಂದು ಕೆಲಸ ಬೇಕು, ಸಣ್ಣದು. ಹೀಗೆ ಮಾಡಿ ನೋಡಿ: 10 ವರ್ಷದ ಇಬ್ಬರು ಪಕ್ಕದವರ ತೋಟಕ್ಕೆ ಎಳನೀರು ಕದಿಯಲು ಹೋಗಿದ್ದರು. ಯಾರೋ ಬಂದ ಸದ್ದಿಗೆ ಇವನು ಓಡಿ ಬಂದ, ಅವನು ಹಿಂದೆ ಉಳಿದ. ರಾತ್ರಿ ಹುಡುಕಾಟ ಶುರುವಾದಾಗ, ಅಪ್ಪ ಚರ್ಮ ಸುಲಿಯುತ್ತಾರೆಂಬ ಹೆದರಿಕೆಗೆ ಇವನು ‘ಅವ್ನು ಬಸ್ ಸ್ಟ್ಯಾಂಡ್ ಕಡೆ ಹೋದ’ ಅಂದುಬಿಟ್ಟ. ಊರಿನ ಟಾರ್ಚುಗಳೆಲ್ಲ ಅತ್ತ ಹೋದವು. ಹೆಣ ಸಿಕ್ಕ ಮೇಲೆ ಪೊಲೀಸರ ಮುಂದೆಯೂ ಅದೇ ಮಾತು. ನನ್ನಂಥ ರೈಟರ್ ಅದನ್ನು ಠಾಣೆಯ ಕನ್ನಡದಲ್ಲಿ ಇಳಿಸುತ್ತಾನೆ: ‘ನಾನು ಮೇಲ್ಕಂಡ ವಿಳಾಸದಲ್ಲಿ ತಂದೆ ತಾಯಿಯೊಂದಿಗೆ ವಾಸವಾಗಿದ್ದು, ಸದರಿ ದಿನ ಸಂಜೆ ಮೃತನು ಬಸ್ ನಿಲ್ದಾಣದ ಕಡೆಗೆ ಹೋಗಿರುತ್ತಾನೆ.’ ಇಂಥ ಹೇಳಿಕೆಗೆ ಸಾಕ್ಷಿಯ ಸಹಿ ಹಾಕಿಸುವಂತಿಲ್ಲ. ಸಹಿ ಇದೆ ಅಂತ ಬರೆದೀರಿ, ಜೋಕೆ.

ದೊಡ್ಡವನಾದ ಮೇಲೆ ಅಧ್ಯಾಯಕ್ಕೊಂದು ಕೆಟ್ಟ ಕನಸು ಬೀಳಿಸಬೇಡಿ. ಅದರ ಬದಲು ಗೆಳೆಯನ ತಾಯಿಯನ್ನು ಬದುಕಿಸಿಡಿ. ಊರಿಗೆ ಬಂದಾಗಲೆಲ್ಲ ಆಕೆ ಕರೆದು ಎಳನೀರು ಕೊಚ್ಚಿಸಿ ಕೊಡಲಿ: ‘ಕುಡಿಯೋ, ನಿನ್ನ ವಾರಗೆಯವನೇ ಅಲ್ವೇನೋ ನಮ್ಮನೆ ಹುಡ್ಗ.’ ಅವನು ಕುಡಿಯಲೇಬೇಕು.

ನಾಯಕನಿಗೆ ನೆನಪು ಹೋಗಿತ್ತು, ಕೊಂದವನು ಅವನೇ ಎಂಬ ತಿರುವು ಸಾಕಾಗಿದೆ, ಬಿಡಿ.

ಅವನು ಠಾಣೆಗೆ ನುಗ್ಗಿ ಕೇಸ್ ಡೈರಿ, ಅಂದರೆ ತನಿಖಾಧಿಕಾರಿ ಬರೆಯುವ ತನಿಖೆಯ ದಿನಚರಿ, ಓದುವ ದೃಶ್ಯವನ್ನೂ ತೆಗೆಯಿರಿ. ಆರೋಪಿ ಕೇಳಿದರೂ ಕೊಡದ ಕಡತ ಅದು. ಹೇಳಿಕೆಗಳು ಸಾಮಾನ್ಯವಾಗಿ ರಿಪೋರ್ಟಿನ ಜೊತೆ ಕೋರ್ಟಿಗೆ ಹೋಗಿರುತ್ತವೆ. ಅರ್ಜಿ ಹಾಕಿ ಕೋರ್ಟಿನ ನಕಲು ಶಾಖೆಗೆ ಅಲೆಯಲಿ, ತನ್ನ ಸುಳ್ಳನ್ನು ಅಲ್ಲಿ ಮೊದಲ ಸಲ ಓದಲಿ. ಇದನ್ನು ಪುಸ್ತಕದ ಅರ್ಧಕ್ಕೇ ತನ್ನಿ. ಆ ತಾಯಿಗೆ ಹೇಳುವುದೋ ಬೇಡವೋ ಎಂಬ ತೊಳಲಾಟಕ್ಕೆ ಉಳಿದರ್ಧ ಬೇಕಾಗುತ್ತದೆ.