ಮರಿಗೆ ಮೊದಲ ಗುಟುಕು ಮಜ್ಜಿಗೆ ತಿಳಿ

"ದನಕ್ಕೆ ಕಲಗಚ್ಚು ಇಟ್ಟಂಗೆ ಕೋಳಿಗೂ ಇಡ್ತೀಯೇನಪ್ಪಾ?" ಅಂತ ನಾಲ್ಕು ವರ್ಷದ ಹಿಂದೆ, ಕೋಳಿಗೆ ಹುಳಿ ಬರಿಸಿದ ಫೀಡ್ ಕೊಡ್ತೀನಿ ಅಂದಾಗ ಫೀಡ್ ಅಂಗಡಿಯವರು ಕೇಳಿದ್ದರು. ಅಪ್ಪನಿಗೂ ನಂಬಿಕೆ ಇರಲಿಲ್ಲ. ಈ ಸಲ ಸಂಕ್ರಾಂತಿಗೆ 500 ಗಿರಿರಾಜ ತಳಿಯ ಕೋಳಿ ಮರಿ ಬಿಟ್ಟೆ, ಹೊಸತೊಡಕಿಗೆ 483 ಕೋಳಿ ಮಾರಿದೆ. ಆಂಟಿಬಯಾಟಿಕ್ ಒಂದು ಚಮಚವೂ ಹಾಕಲಿಲ್ಲ. ಸತತ ಮೂರನೇ ಬ್ಯಾಚ್ ಹೀಗೇ ಬಂದಿದೆ, ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಶುರುವಿನಲ್ಲಿ ಹೀಗಿರಲಿಲ್ಲ. ಮೊದಲ ಬ್ಯಾಚಿನಲ್ಲಿ 500ಕ್ಕೆ ಸುಮಾರು 110 ಮರಿ ಹೋದವು. ನಮ್ಮ ತಿಪಟೂರು ಕಡೆ ಜನವರಿ ಚಳಿ ಗೊತ್ತಲ್ವಾ, ಮರಿ ಬೆಚ್ಚಗಿಡುವ ಬ್ರೂಡರ್‌ನ ಬಿಸಿ ಸಾಲದೆ ಒಂದಿಷ್ಟು ಸತ್ತವು. ಆದರೆ ಜಾಸ್ತಿ ಸತ್ತಿದ್ದು ಭೇದಿಯಿಂದ. ಹಿಂಬದಿಗೆ ಬಿಳಿ ಪಿಕ್ಕೆ ಅಂಟಿಕೊಂಡು, ರೆಕ್ಕೆ ಇಳಿಬಿಟ್ಟುಕೊಂಡು ಮೂಲೆ ಸೇರುತ್ತಿದ್ದವು. ಎಲ್ಲರಂತೆ ನಾನೂ ಮೊದಲ ದಿನದಿಂದಲೇ ನೀರಿಗೆ ಆಂಟಿಬಯಾಟಿಕ್ ಹಾಕುತ್ತಿದ್ದೆ. ಆ ಬ್ಯಾಚಿನ ಔಷಧಿ ಬಿಲ್ಲೇ ಒಂಬತ್ತು ಸಾವಿರದ ಹತ್ತಿರ ಬಂತು.

ಆಮೇಲೆ ಯಾರೋ ಹೇಳಿದರು ಅಂತ ಪ್ರೋಬಯಾಟಿಕ್ ಪುಡಿ, ಅಂದರೆ ಕರುಳಿಗೆ ಒಳ್ಳೆಯದು ಮಾಡುವ ಬ್ಯಾಕ್ಟೀರಿಯಾದ ಪುಡಿ ತಂದೆ. ಪ್ಯಾಕೆಟ್ಟಿಗೆ 900 ರೂಪಾಯಿ ಇರಬೇಕು. ಎರಡು ಬ್ಯಾಚಿಗೆ ಹಾಕಿದೆ, ಏನೂ ಆಗಲಿಲ್ಲ. ತಪ್ಪು ಪುಡಿಯದ್ದಲ್ಲ, ನನ್ನದು. ಆಂಟಿಬಯಾಟಿಕ್ ಬೆರೆಸಿದ ನೀರಿಗೇ ಅದನ್ನೂ ಬೆರೆಸುತ್ತಿದ್ದೆ. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಬೇರೆ ಹಾಕಿರುತ್ತಿದ್ದೆ. ಜೀವಂತ ಬ್ಯಾಕ್ಟೀರಿಯಾ ಕಾಸು ಕೊಟ್ಟು ತಂದು ನನ್ನ ಕೈಯಾರೆ ಕೊಲ್ಲುತ್ತಿದ್ದೆ.

ಕಣ್ಣು ತೆರೆಸಿದವರು ನಮ್ಮ ಕಡೆಯ ಒಬ್ಬ ಪಶುವೈದ್ಯರು. "ನಿಮ್ಮ ಹಿತ್ತಲ ಕೋಳಿ ಕಾವು ಕೂತು ಎಬ್ಬಿಸಿದ ಮರಿ ಯಾಕೆ ಇಷ್ಟು ಸಾಯಲ್ಲ?" ಅಂತ ಕೇಳಿದರು. ತಾಯಿ ಜೊತೆ ಇರುವ ಮರಿ ಅದರ ಪಿಕ್ಕೆ, ಮಣ್ಣು ಕೆದಕಿ ತಿನ್ನುತ್ತೆ. ಒಳ್ಳೆ ಬ್ಯಾಕ್ಟೀರಿಯಾ ಮೊದಲ ದಿನವೇ ಹೊಟ್ಟೆ ಸೇರಿ ಜಾಗ ಹಿಡಿಯುತ್ತೆ. ಹ್ಯಾಚರಿ ಮರಿಗೆ ತಾಯಿಯೇ ಇಲ್ಲ, ಕರುಳು ಖಾಲಿ. ಯಾವುದು ಮೊದಲು ಬಂತೋ ಅದೇ ಮನೆ ಮಾಡುತ್ತೆ. ಫಿನ್ಲೆಂಡಿನ ವಿಜ್ಞಾನಿ ಎಸ್ಕೋ ನುರ್ಮಿ 1973ರಲ್ಲೇ ಇದನ್ನು ತೋರಿಸಿದ್ದರಂತೆ. ದೊಡ್ಡ ಕೋಳಿಯ ಕರುಳಿನೊಳಗಿನದನ್ನು ಎಳೆ ಮರಿಗೆ ಕುಡಿಸಿದರೆ ರೋಗ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಅಷ್ಟು ಸುಲಭವಾಗಿ ಹಿಡಿಯಲಿಲ್ಲ. ಇನ್ನೊಂದು ಮಾತನ್ನೂ ಹೇಳಿದರು. ಮರಿಯ ಸ್ವಂತ ರೋಗನಿರೋಧಕ ಶಕ್ತಿ ಬಲಿಯಲು ಎರಡು ಮೂರು ವಾರ ಬೇಕು. ಅಲ್ಲಿಯವರೆಗೆ ತಾಯಿಯಿಂದ ಹಳದಿ ಲೋಳೆಯಲ್ಲಿ ಬಂದ ಶಕ್ತಿಯೇ ಆಸರೆ. ಆ ದಿನಗಳಲ್ಲಿ ಕರುಳಿಗೆ ಬಂದ ಬ್ಯಾಕ್ಟೀರಿಯಾ ನೋಡಿಯೇ ಮರಿಯ ಶಕ್ತಿ ಪಳಗುವುದು.

ಇದನ್ನು ಕೇಳಿ ನಾನು ಅವಸರ ಮಾಡಿದೆ. ಗುರುತಿನವರೊಬ್ಬರ ಶೆಡ್ಡಿನಿಂದ ಎರಡು ಚೀಲ ಹಳೇ ಲಿಟರ್, ಅಂದರೆ ನೆಲಕ್ಕೆ ಹಾಸಿ ಪಿಕ್ಕೆ ಬೆರೆತ ಹೊಟ್ಟು ತಂದು ಬ್ರೂಡರ್‌ನೊಳಗೆ ಹರಡಿದೆ. ಮೂರು ವಾರ ಚೆನ್ನಾಗಿತ್ತು. ನಾಲ್ಕನೇ ವಾರ ರಕ್ತ ಭೇದಿ. ಲಿಟರ್ ಜೊತೆ ಕರುಳು ಕೆಡಿಸುವ ಕಾಕ್ಸಿಡಿಯಾ ಅನ್ನೋ ಪರೋಪಜೀವಿ ಬಂದಿತ್ತು. ಅದರ ಔಷಧಿ ಆಂಪ್ರೋಲಿಯಂ ಕೊಟ್ಟು ನಿಲ್ಲಿಸುವಷ್ಟರಲ್ಲಿ 60 ಮರಿ ಹೋದವು. ಬೇರೆಯವರ ಲಿಟರ್ ಮಾತ್ರ ಯಾವತ್ತೂ ತರಬೇಡಿ. ಹುಳಿ ಫೀಡಿಗೂ ಕಾಕ್ಸಿಡಿಯಾ ಬಗ್ಗಲ್ಲ, ಅದನ್ನೂ ನೋಡಿದ್ದೇನೆ.

ಈಗ ಮಾಡುವುದು ಇಷ್ಟು. ಮರಿ ಬರುವ ಹಿಂದಿನ ರಾತ್ರಿ ಡ್ರಿಂಕರ್ ತೊಳೆದು ಬ್ಲೀಚಿಂಗ್ ಇಲ್ಲದ ಬೋರ್ ನೀರು ಹಿಡಿದಿಡುತ್ತೇನೆ. ನಮ್ಮ ಹಸುವಿನ ಹಾಲು ಕಾಯಿಸಿ ಹೆಪ್ಪು ಹಾಕಿದ ಮೊಸರಿನ ತಿಳಿ, ಉಪ್ಪು ಮುಟ್ಟಿಸಿರಬಾರದು. ಹತ್ತು ಲೀಟರ್ ನೀರಿಗೆ ಹೆಚ್ಚೂಕಡಿಮೆ ಅರ್ಧ ಲೀಟರ್. ಜಾಸ್ತಿ ಹಾಕಿದರೆ ಪಿಕ್ಕೆ ತೆಳುವಾಗುತ್ತೆ. ಬಾಕ್ಸ್ ತೆರೆದ ಕೂಡಲೇ ಒಂದೊಂದೇ ಮರಿಯ ಕೊಕ್ಕು ಅದರಲ್ಲಿ ಅದ್ದುತ್ತೇವೆ. 500 ಮರಿಗೆ ನಾನು, ನನ್ನ ಹೆಂಡತಿ ಸೇರಿದರೆ ಒಂದು ಗಂಟೆ ಬೇಕು. ಬೇರೆ ನೀರು, ಫೀಡ್ ಎಲ್ಲಾ ಆಮೇಲೆ. ಮೂರು ದಿನ ಇದೇ ನೀರು. ಆ ತಿಳಿಗೆ ಇನ್ನೊಂದು ಸೇರಿಸುತ್ತೇನೆ, ಅದನ್ನು ಮಾತ್ರ ಇಲ್ಲಿ ಬರೆಯಲ್ಲ. ಮೂರು ವರ್ಷ ಸೋತು ಕಲಿತದ್ದು.

ಹತ್ತನೇ ದಿನದಿಂದ ಬೆಳಗ್ಗೆ ಹುಳಿ ಫೀಡ್, ಸಂಜೆ ಒಣ ಫೀಡ್. ನೀಲಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಜೋಳದ ನುಚ್ಚು, ರಾಗಿ, ತೌಡು, ಕೊಬ್ಬರಿ ಹಿಂಡಿ ನೆನೆಸುವುದು. ನೀರು ಯಾವಾಗಲೂ ಮೇಲೆ ನಾಲ್ಕು ಬೆರಳು ನಿಂತಿರಬೇಕು. ದೋಸೆ ಹಿಟ್ಟಿನ ಹಾಗೆ ಹಿಂದಿನ ದಿನದ್ದು ಒಂದು ಚೊಂಬು ಉಳಿಸಿಕೊಂಡು ಹೊಸದಕ್ಕೆ ಬೆರೆಸುತ್ತೇನೆ. ಬೇಸಿಗೆಯಲ್ಲಿ ಒಂದು ದಿನ ಸಾಕು, ಮಳೆಗಾಲಕ್ಕೆ ಎರಡು ದಿನ. ಹುಳಿ ಅಳೆಯುವ ಪಿಎಚ್ ಪೇಪರ್ 4ರ ಹತ್ತಿರ ಬರಬೇಕು. ಮೇಲೆ ಬಿಳಿ ಪೊರೆ ಬಂದರೆ ತೆಗೆದು ಹಾಕುತ್ತೇನೆ. ಹಸಿರು, ಕಪ್ಪು ಬೂಷ್ಟು ಕಂಡರೆ ಇಡೀ ಡ್ರಮ್ ಚೆಲ್ಲುತ್ತೇನೆ. ಒಮ್ಮೆ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯನ್ನು "ಹುಳಿ ಬಂದರೆ ಸರಿಹೋಗುತ್ತೆ" ಅಂತ ನೆನೆಸಿದ್ದೆ. ಬೂಷ್ಟಿನ ವಿಷ ಹುಳಿಗೆ ಹೋಗಲ್ಲ. ಮರಿ ಬೆಳೆಯಲೇ ಇಲ್ಲ, ಆ ಬ್ಯಾಚಿನಲ್ಲಿ ಇಪ್ಪತ್ತು ಸಾವಿರ ಕೈ ಬಿಟ್ಟಿತು. ತಗಡಿನ ಟಬ್ ಕೂಡ ಬೇಡ, ಹುಳಿಗೆ ಅದರ ಸತು ಕರಗಿ ಫೀಡಿಗೆ ಬೆರೆಯುತ್ತೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಉಪ್ಪಿನಕಾಯಿ ನೀರಿನಲ್ಲೂ ಒಳ್ಳೆ ಬ್ಯಾಕ್ಟೀರಿಯಾ ಇರುತ್ತೆ ಅಂತ 20 ಮರಿಗೆ ಬೇರೆ ಮಾಡಿ ಕೊಟ್ಟೆ. ಉಪ್ಪು ತಡೆಯದೆ ಎರಡು ದಿನದಲ್ಲಿ 7 ಸತ್ತವು. ಅಲ್ಲಿಗೆ ಬಿಟ್ಟೆ. ಅಕ್ಕಿ ತೊಳೆದ ನೀರು ಹುಳಿ ಬರಿಸಿ, ಹಾಲಿಗೆ ಹಾಕಿ, ಮೇಲಿನ ಗಿಣ್ಣಿನಂಥದ್ದು ತೆಗೆದು ತಿಳಿ ಸೋಸುತ್ತಾರಲ್ಲ, ಅದನ್ನು ಲಿಟರ್ ಮೇಲೆ ಚಿಮುಕಿಸಿ ನೋಡಿದೆ. ಶೆಡ್ಡಿನ ಘಾಟು ಕಮ್ಮಿಯಾಯಿತು. ಮರಿ ಸಾಯುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ.

ಲಸಿಕೆ ಮಾತ್ರ ಒಂದೂ ತಪ್ಪಿಸಿಲ್ಲ. ಕೊಕ್ಕರೆ ರೋಗಕ್ಕೆ, ಗುಂಬೋರೊ ಅನ್ನೋ ವೈರಸ್ ಕಾಯಿಲೆಗೆ ಮಜ್ಜಿಗೆ ಸಾಲಲ್ಲ. ಗುಂಬೋರೊ ಹೊಡೆಯುವುದೇ ಬಾಲದ ಹತ್ತಿರದ ಬರ್ಸಾ ಚೀಲಕ್ಕೆ. ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಮುಖ್ಯ ಕಣಗಳು ಬೆಳೆಯುವುದು ಅಲ್ಲೇ. ಅದೇ ಹಾಳಾದರೆ ಕರುಳಿಗೆ ಏನು ಹಾಕಿ ಏನು ಪ್ರಯೋಜನ? ಆದರೆ ಲಸಿಕೆ ಕೊಟ್ಟ ಮಾರನೇ ದಿನ ಮೊದಲೆಲ್ಲಾ ಮಂಕಾಗಿ ಕೂರುತ್ತಿದ್ದ ಮರಿಗಳು ಈಗ ಸಂಜೆಗೆಲ್ಲಾ ಫೀಡರ್ ಮುಂದೆ ಇರುತ್ತವೆ. ಇದು ನಾನು ಕಣ್ಣಾರೆ ಕಂಡದ್ದು.

ಲೆಕ್ಕ ಬಾಯಲ್ಲಿರುವಷ್ಟು ಹೇಳುತ್ತೇನೆ. ಮರಿಗೆ 35 ರೂಪಾಯಿಯಂತೆ ಹದಿನೇಳೂವರೆ ಸಾವಿರ. ಫೀಡ್ 46 ಚೀಲದಷ್ಟು, ಅದೇ 87 ಸಾವಿರ. ಹಿಂದೆ 49, 50 ಚೀಲ ಹೋಗುತ್ತಿತ್ತು. ಲಸಿಕೆ, ಔಷಧಿ ಸೇರಿ ಮೂರು ಸಾವಿರ. ಹೊಟ್ಟು, ಕರೆಂಟು, ಕೂಲಿ ಎಂಟು ಸಾವಿರ. ಸರಾಸರಿ 1.7 ಕೆಜಿ ತೂಗಿದವು, ಕೆಜಿಗೆ 180ರಂತೆ ಕೊಟ್ಟೆ. ಖರ್ಚು ಕಳೆದು ಮೂವತ್ತು ಸಾವಿರದ ಮೇಲೆ ಉಳಿಯಿತು. ಮೊದಲ ಬ್ಯಾಚಿನಲ್ಲಿ ಕೈಯಿಂದ ಹಾಕಿದ್ದೆ.

ಕಲಗಚ್ಚು ಅಂದ ಅಂಗಡಿಯವರು ಹೋದ ತಿಂಗಳು ತಮ್ಮ ಅಳಿಯನನ್ನು ಶೆಡ್ ನೋಡಲು ಕಳಿಸಿದ್ದರು. ಹುಡುಗ 300 ಮರಿ ಬುಕ್ ಮಾಡಿದ್ದಾನೆ. ಅವನಿಗೆ ಒಂದು ಚೊಂಬು ಹುಳಿ ಹಿಟ್ಟು ಕೊಟ್ಟು, ಟ್ಯಾಂಕಿಗೆ ಬ್ಲೀಚಿಂಗ್ ಹಾಕುವುದನ್ನು ಮೊದಲು ನಿಲ್ಲಿಸು ಅಂತ ಹೇಳಿ ಕಳಿಸಿದ್ದೇನೆ.