ಮಂಗಳೂರಿನ ಸೂಕ್ಷ್ಮ ಧೂಳಿನ ಮೂಲ ಪತ್ತೆ ಮಾಡುವುದು ಹೇಗೆ?

ಸೂಕ್ಷ್ಮ ಧೂಳು, ಅಂದರೆ ಪಿಎಂ 2.5, ಎಂದರೆ ವ್ಯಾಸ 2.5 ಮೈಕ್ರೊಮೀಟರ್ ಮೀರದ ಕಣಗಳು. ಮಸಿ, ಸಲ್ಫೇಟ್, ನೈಟ್ರೇಟ್, ಅಮೋನಿಯಂ, ಮಣ್ಣು, ಉಪ್ಪು ಎಲ್ಲವೂ ಅದರಲ್ಲಿ ಬೆರೆತಿರುತ್ತವೆ. ಭಾರತದ ಮಾನದಂಡದಂತೆ ಘನ ಮೀಟರ್ ಗಾಳಿಯಲ್ಲಿ ಇದರ 24 ಗಂಟೆಗಳ ಸರಾಸರಿ 60 ಮೈಕ್ರೊಗ್ರಾಂ ದಾಟಬಾರದು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಿತಿ 15. ಆದರೆ ತೂಕವೊಂದನ್ನೇ ನೋಡಿ ಮೂಲವನ್ನು ಹೇಳಲಾಗದು. ಮಂಗಳೂರಿನಲ್ಲಂತೂ ಮೊದಲು ಕಡಲಿನ ಪಾಲನ್ನು ಕಳೆಯಲೇಬೇಕು.

ನಿಮಿಷಕ್ಕೆ 16.7 ಲೀಟರ್ ಗಾಳಿ ಹೀರುವ ಯಂತ್ರವನ್ನು ಮರದ ಕೊಂಬೆ, ಅಡುಗೆಮನೆಯ ಹೊಗೆ ತಾಗದ ತಾರಸಿಯ ಮೇಲಿಟ್ಟು ಒಂದು ದಿನ ಓಡಿಸಿದರೆ ಸುಮಾರು 24 ಘನ ಮೀಟರ್ ಗಾಳಿ ಫಿಲ್ಟರ್ ಮೂಲಕ ಹಾದುಹೋಗುತ್ತದೆ. ತೂಕ ಮತ್ತು ಲೋಹಗಳಿಗೆ ಟೆಫ್ಲಾನ್ ಫಿಲ್ಟರ್, ಇಂಗಾಲಕ್ಕೆ ಕ್ವಾರ್ಟ್ಜ್ ಫಿಲ್ಟರ್ ಬೇಕು. ಉಪ್ಪು, ಸಲ್ಫೇಟ್‌ಗಳು ಕರಾವಳಿಯ ತೇವವನ್ನು ಹೀರಿಕೊಳ್ಳುವುದರಿಂದ, ತೂಗುವ ಮೊದಲು ಫಿಲ್ಟರನ್ನು ಉಷ್ಣತೆ, ಆರ್ದ್ರತೆ ಹತೋಟಿಯಲ್ಲಿರುವ ಕೋಣೆಯಲ್ಲಿ ಒಂದು ದಿನ ಇಡಬೇಕು.

ಬಳಿಕ ಕಡಲಿನ ಲೆಕ್ಕ. ಸಮುದ್ರದ ನೀರಿನಲ್ಲಿ ಸೋಡಿಯಂ ತೂಕದ ಕಾಲು ಭಾಗದಷ್ಟು ಸಲ್ಫೇಟ್ ಇರುತ್ತದೆ. ಫಿಲ್ಟರಿನಲ್ಲಿ 2 ಮೈಕ್ರೊಗ್ರಾಂ ಸೋಡಿಯಂ, 6 ಮೈಕ್ರೊಗ್ರಾಂ ಸಲ್ಫೇಟ್ ಸಿಕ್ಕಿತೆನ್ನೋಣ. ಆಗ ಕಡಲಿನದು 0.5 ಮಾತ್ರ, ಮಿಕ್ಕ 5.5ರ ಬಹುಪಾಲು, ಕಲ್ಲಿದ್ದಲು ಮತ್ತು ಭಾರೀ ತೈಲ ಉರಿದಾಗ ಹೊರಟ ಸಲ್ಫರ್ ಡೈಆಕ್ಸೈಡ್ ಗಾಳಿಯಲ್ಲೇ ರೂಪ ಬದಲಿಸಿ ಆದದ್ದು. ಅದು ಊರಿನದೇ ಹೊಗೆ ಆಗಿರಬೇಕೆಂದೇನಿಲ್ಲ, ನೂರಾರು ಕಿಲೋಮೀಟರ್ ದೂರದಿಂದಲೂ ಬರಬಹುದು. ಈ ಲೆಕ್ಕಕ್ಕೆ ಕ್ಲೋರೈಡನ್ನು ನೆಚ್ಚಬಾರದು: ನಗರದ ನೈಟ್ರಿಕ್ ಆಮ್ಲ ತಗಲಿದಾಗ ಉಪ್ಪಿನ ಕ್ಲೋರಿನ್ ಹೈಡ್ರೋಜನ್ ಕ್ಲೋರೈಡ್ ಅನಿಲವಾಗಿ ಹಾರಿಹೋಗುತ್ತದೆ.

ಇನ್ನು ಗುರುತುಗಳು. ಕರಾವಳಿಯ ಕೆಂಪು ಮುರಕಲ್ಲಿನ ಧೂಳಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಹೇರಳ. ಬ್ರೇಕ್ ಸವೆದ ಪುಡಿಯಲ್ಲೂ ಕಬ್ಬಿಣವಿದೆ, ಆದರೆ ಜೊತೆಗೆ ತಾಮ್ರ, ಬೇರಿಯಂ, ಆಂಟಿಮನಿ ಇದ್ದರೆ ಅದು ವಾಹನದ್ದು. ಬಚ್ಚಲೊಲೆಯಲ್ಲಿ ಉರಿಸುವ ತೆಂಗಿನ ಮಡಲು, ಗೆರಟೆಗಳ ಹೊಗೆಗೆ ಪೊಟ್ಯಾಸಿಯಂ ಸಾಕ್ಷಿಯೆನ್ನುವುದು ರೂಢಿ. ಕಡಲ ನೀರಿನಲ್ಲೂ ಪೊಟ್ಯಾಸಿಯಂ ಇರುವುದರಿಂದ ಇಲ್ಲಿ ಕಟ್ಟಿಗೆಯ ಸೆಲ್ಯುಲೋಸ್ ಉರಿದಾಗ ಹುಟ್ಟುವ ಲೆವೊಗ್ಲುಕೋಸಾನ್ ಹೆಚ್ಚು ನಂಬಿಕಸ್ಥ. ಹಡಗಿನ ಹೊಗೆಯ ಗುರುತು ವೆನೇಡಿಯಂ, ನಿಕಲ್. 2020ರಿಂದ ಹಡಗಿನ ಇಂಧನದ ಗಂಧಕದ ಮಿತಿ ಶೇ 3.5ರಿಂದ 0.5ಕ್ಕೆ ಇಳಿದ ಮೇಲೆ ವೆನೇಡಿಯಂ ಕೂಡ ತಗ್ಗಿದೆ, ಆದ್ದರಿಂದ ವೆನೇಡಿಯಂ, ನಿಕಲ್‌ಗಳ ಹಳೆಯ ಅನುಪಾತಗಳನ್ನು ಹಾಗೆಯೇ ಬಳಸುವುದು ಸರಿಯಲ್ಲ.

ಕೊನೆಗೆ ಎಲ್ಲ ಋತುಗಳ ಮಾದರಿಗಳನ್ನು ಕಂಪ್ಯೂಟರಿಗೆ ಕೊಟ್ಟು ಮೂಲಗಳನ್ನು ಗುಂಪು ಮಾಡಿಸಬೇಕು. ಮಳೆಗಾಲದವು ಮಾತ್ರವಾದರೆ ಗಾಳಿ ತೊಳೆದಿಟ್ಟಂತೆ ಕಾಣುತ್ತದೆ. ಈ ಲೆಕ್ಕ ಮೂಲದ ಬಗೆಯನ್ನು ಹೇಳುತ್ತದೆಯೇ ಹೊರತು ಯಾವ ಚಿಮಣಿ ಎಂದು ಹೇಳುವುದಿಲ್ಲ. ಅದಕ್ಕೆ ಹಗಲಿನ ಕಡಲ ಗಾಳಿಯ ಮಾದರಿಯನ್ನೂ ರಾತ್ರಿಯ ನೆಲದ ಗಾಳಿಯ ಮಾದರಿಯನ್ನೂ ಬೇರೆಯಾಗಿ ತೆಗೆದು, ಬಂದರಿರುವ ಪಣಂಬೂರು, ಕೈಗಾರಿಕೆಗಳಿರುವ ಬೈಕಂಪಾಡಿ ಕಡೆಯಿಂದ ಗಾಳಿ ಬೀಸಿದ ಗಂಟೆಗಳೊಂದಿಗೆ ತಾಳೆ ನೋಡಬೇಕಾಗುತ್ತದೆ.